ಹಳೆ ದೋಣಿಯ ದುರಸ್ತಿ: ಕತ್ತದ ಹುರಿಯಿಂದ ಫೈಬರಿನವರೆಗೆ

ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಊರಿನ ಚರಿತ್ರೆಯ ಬಗ್ಗೆ ಒಂದೆರಡು ಲೇಖನ ಇರಲೇಬೇಕು ಎಂಬುದು ರೂಢಿ. ದೇವಸ್ಥಾನದ ಚರಿತ್ರೆ, ಶಾಲೆಯ ಚರಿತ್ರೆ, ಸಂಘ ಹುಟ್ಟಿದ ಕಥೆ ಇವನ್ನೆಲ್ಲ ತಿಳಿದವರು ಬೇರೆ ಇದ್ದಾರೆ. ನಾವು ಆರಿಸಿಕೊಂಡದ್ದು ಯಾರೂ ಅಷ್ಟಾಗಿ ಬರೆಯದ ವಿಷಯ, ದೋಣಿಯ ರಿಪೇರಿ. ಹೊಸ ದೋಣಿ ನೀರಿಗಿಳಿದ ದಿನ ಎಲ್ಲರಿಗೂ ನೆನಪಿರುತ್ತದೆ. ಮುಹೂರ್ತ, ಪೂಜೆ, ಹೂವಿನ ಮಾಲೆ, ಊಟ, ಈಗಾದರೆ ಫೋಟೋ, ವೀಡಿಯೋ. ಅದೇ ದೋಣಿಯನ್ನು ಮುಂದೆ ವರ್ಷ ವರ್ಷ ನೀರಿನ ಮೇಲೆ ಉಳಿಸಿದವರು ಯಾರು, ಯಾವ ಎಣ್ಣೆ ಹಚ್ಚಿದರು, ಯಾವ ತಗಡು ಹೊಡೆದರು, ಅದಕ್ಕೆ ದುಡ್ಡು ಎಲ್ಲಿಂದ ಬಂತು ಎಂಬುದು ಯಾವ ಕರಪತ್ರದಲ್ಲೂ ಅಚ್ಚಾಗುವುದಿಲ್ಲ.

ಬರೆಯಲು ಇನ್ನೊಂದು ಕಾರಣವೂ ಉಂಟು. ನಮ್ಮ ಮಹಾಸಭೆಯಲ್ಲಿ ಲೆಕ್ಕಪತ್ರ ಓದಿ ಮುಗಿಸಿ, ಚಹಾ ಬರುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಸ್ವರ ಏಳುವುದು ಸದಸ್ಯರಿಗೆಲ್ಲ ಗೊತ್ತು. "ಹೊಸ ದೋಣಿಗೆ ಸಾಲ ಉಂಟು, ಇಂಜಿನಿಗೆ ಸಾಲ ಉಂಟು, ಹಳೆ ದೋಣಿ ಸರಿಮಾಡ್ಲಿಕ್ಕೆ ಎಂತಕ್ಕೆ ಇಲ್ಲ ಮಾರಾಯ್ರೇ?" ಎಲ್ಲರೂ ನಗುತ್ತಾರೆ, ಚಹಾ ಕುಡಿಯುತ್ತಾರೆ, ಪ್ರಶ್ನೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಆ ಪ್ರಶ್ನೆ ನಗುವಂಥದ್ದಲ್ಲ ಎಂಬುದು ನಮ್ಮ ಅಭಿಪ್ರಾಯ. ಅದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ.

ಹಿಂದಿನ ಕಾಲದ ನಮ್ಮ ನಾಡದೋಣಿ ಎರಡು ಬಗೆಯದು. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ್ದು ಒಂದು. ಮಾವಿನ ಮರ ಇದಕ್ಕೆ ಸಾಮಾನ್ಯ. ಇನ್ನೊಂದು, ಕೊರೆದ ಅಡಿಯ ಮೇಲೆ ಹಲಗೆಗಳನ್ನು ಏರಿಸಿ ಕಟ್ಟಿದ ದೊಡ್ಡ ದೋಣಿ. ಒಳ್ಳೆಯ ದೋಣಿಗೆ ಹೆಬ್ಬಲಸಿನ ಮರ ಬೇಕು ಎಂದು ಆಚಾರ್ರು ಹಠ ಹಿಡಿಯುತ್ತಿದ್ದರು. ಈ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹೌದು, ಬಟ್ಟೆ ಹೊಲಿದ ಹಾಗೆಯೇ! ಹಲಗೆಯ ಅಂಚಿನುದ್ದಕ್ಕೂ ಬೈರಿಗೆಯಿಂದ ಸಾಲಾಗಿ ತೂತು ಕೊರೆದು, ಎರಡು ಹಲಗೆ ಕೂಡುವ ಸಂದಿಯ ಮೇಲೆ ತೆಂಗಿನ ನಾರಿನ ಮೆತ್ತೆ ಇಟ್ಟು, ಅದರ ಮೇಲೆ ಅಡ್ಡಡ್ಡ ಕತ್ತದ ಹುರಿ ಎಳೆದು ಬಿಗಿಯುವುದು. ಕೊನೆಗೆ ತೂತುಗಳಿಗೆ ನಾರಿನ ಬೆಣೆ ತುರುಕಿ, ಎಣ್ಣೆಯಲ್ಲಿ ಕಾಯಿಸಿದ ರಾಳ ಮೆತ್ತುವುದು. ಒಳಗೊಬ್ಬ, ಹೊರಗೊಬ್ಬ ಕುಳಿತು ಮಾಡಬೇಕಾದ ಕೆಲಸ. ಹೊರಗಿನವನು ಹುರಿ ಎಳೆದು ಹಿಡಿಯುವಾಗ ಒಳಗಿನವನು ಕೊಡತಿಯಿಂದ ಬಡಿದು ಕೂರಿಸಬೇಕು.

ಇದು ನಮ್ಮ ಕಡಲಲ್ಲಿ ಎಷ್ಟು ಹಳೆಯದು ಎಂದರೆ, 14ನೇ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ನೋಡಿಕೊಂಡು ಹೋದ ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ ತನ್ನ ಪ್ರವಾಸ ಕಥನದಲ್ಲಿ ಇದನ್ನು ಬರೆದಿದ್ದಾನೆ. ತೆಂಗಿನ ನಾರಿನ ಹುರಿಯಿಂದಲೇ ಹಿಂದೂಸ್ಥಾನದ ಮತ್ತು ಯೆಮನ್ ದೇಶದ ಹಡಗುಗಳನ್ನು ಹೊಲಿಯುತ್ತಾರೆ, ಈ ಕಡಲಲ್ಲಿ ಬಂಡೆ ಹೆಚ್ಚು, ಕಬ್ಬಿಣದ ಮೊಳೆಯ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದಾದರೆ ಬಳುಕಿ ಉಳಿಯುತ್ತದೆ ಎಂಬುದು ಅವನ ವಿವರಣೆ. 1498ರಲ್ಲಿ ಪೋರ್ಚುಗೀಸರು ಬಂದ ಮೇಲೆ ದೊಡ್ಡ ಹಡಗುಗಳಲ್ಲಿ ಮೊಳೆಯ ಕೆಲಸ ಹೆಚ್ಚಾಯಿತು. ಆದರೆ ಮೀನು ಹಿಡಿಯುವವರ ದೋಣಿ ಹೊಲಿಗೆಯನ್ನು ಬಿಡಲಿಲ್ಲ. ಮದರಾಸು ಸರಕಾರದ ಮೀನುಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಅವರು ಭಾರತದ ದೋಣಿಗಳ ರಚನೆಯ ಬಗ್ಗೆ ಗ್ರಂಥ ಬರೆದದ್ದು 1920ರಲ್ಲಿ. ಆಗಲೂ ಈ ಹೊಲಿದ ದೋಣಿಗಳು ನಮ್ಮ ದಡದಲ್ಲಿ ದಿನನಿತ್ಯದ ಸಂಗತಿಯೇ ಆಗಿದ್ದವು.

ಹೊಲಿಗೆಯ ದೋಣಿ ಹಳ್ಳಿಗರ ಬಡತನದಿಂದ ಬಂದದ್ದು, ಮೊಳೆ ಕೊಳ್ಳಲು ಗತಿಯಿಲ್ಲದ್ದಕ್ಕೆ ಮಾಡಿಕೊಂಡದ್ದು ಎಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ದೋಣಿ ಬಂದರಿನಲ್ಲಿ ನಿಲ್ಲುವ ದೋಣಿಯಲ್ಲ. ತೆರೆ ಒಡೆಯುವ ಜಾಗವನ್ನು ದಾಟಿ ಬಂದು ಮರಳಿಗೆ ಬಡಿದು ನಿಲ್ಲಬೇಕಾದ್ದು. ಬಡಿದಾಗ ಹಲಗೆ ಹಲಗೆಯ ನಡುವೆ ಸ್ವಲ್ಪ ಸಡಿಲ ಬೇಕು. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಹೊಲಿದದ್ದನ್ನು ಬಿಚ್ಚಬಹುದು. ಹುರಿ ಕೊಳೆತರೆ ಹುರಿ ಮಾತ್ರ ಹೋಯಿತು, ಹಲಗೆ ಗಟ್ಟಿ ಇದ್ದರೆ ಅದೇ ಹಲಗೆಗೆ ಹೊಸ ಹುರಿ. ಒಂದು ಹಲಗೆ ಹೋದರೆ ಆ ಒಂದನ್ನೇ ತೆಗೆದು ಬೇರೆ ಕೂರಿಸಬಹುದು. ಅಜ್ಜನ ದೋಣಿ ಎಂದು ನಾವು ಹೇಳುವ ದೋಣಿಯಲ್ಲಿ ಅಜ್ಜನ ಕಾಲದ ಮರ ಅಡಿಯಲ್ಲಿ ಒಂದಿಷ್ಟು ಉಳಿದಿರುತ್ತಿತ್ತು, ಅಷ್ಟೆ. ಉಳಿದದ್ದೆಲ್ಲ ಬದಲಾಗುತ್ತಾ ಬಂದದ್ದು. ಬೇಕಾದ ಸಾಮಾನೆಲ್ಲ ಊರಿನದೇ. ನಾರು ನಮ್ಮ ತೆಂಗಿನದು, ಹುರಿ ಹೊಸೆಯುವವರು ಮನೆಯ ಹೆಂಗಸರು, ಮೀನೆಣ್ಣೆ ನಾವೇ ಹಿಡಿದ ಬೂತಾಯಿಯದು. ಕೂಲಿ ಹೋದರೆ ಆಚಾರ್ರಿಗೆ ಮಾತ್ರ ಹೋಗಬೇಕು.

"ಆಚಾರ್ರೇ, ಇದು ಇನ್ನೆಷ್ಟು ವರ್ಷ ಬಂದೀತು?" ಎಂದು ಕೇಳಿದರೆ, "ನೀವು ಎಣ್ಣೆ ಕುಡಿಸಿದಷ್ಟು ವರ್ಷ" ಎಂಬುದು ಅವರ ಉತ್ತರ. ಎಣ್ಣೆ ಎಂದರೆ ಮೊದಲು ಬೂತಾಯಿ ಎಣ್ಣೆ. ಗೇರುಬೀಜದ ಕಾರ್ಖಾನೆಗಳು ಬಂದ ಮೇಲೆ ಗೇರುಸಿಪ್ಪೆಯ ಎಣ್ಣೆಯೂ ಸೇರಿತು. ಅದು ಮರಕ್ಕೆ ಒಳ್ಳೆಯದು, ಹುಳು ಹತ್ತಿರ ಬರುವುದಿಲ್ಲ. ಆದರೆ ಕೈಗೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಹಚ್ಚಿದವರ ಕೈ ನೋಡಿದರೇ ಗೊತ್ತಾಗುತ್ತಿತ್ತು, ಇವರ ಮನೆಯಲ್ಲಿ ದೋಣಿ ಕೆಲಸ ಶುರುವಾಗಿದೆ ಅಂತ.

ಈಗ ಮರಳಿನ ವಿಷಯ ಹೇಳಬೇಕು. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಹೊತ್ತಿಗೆ ದೋಣಿಗಳೂ ತಿರುಗಾಟ ಮುಗಿಸಿ ದಡ ಏರುತ್ತಿದ್ದವು. ಏರುವುದು ಎಂದರೆ ಸುಮ್ಮನೆ ಅಲ್ಲ. ಅಡಿಗೆ ಉರುಳು ಮರ ಕೊಟ್ಟು, ಮುಂದಿನಿಂದ ಹಗ್ಗ, ಎರಡೂ ಬದಿಯಿಂದ ಹೆಗಲು, "ಐಲೇಸಾ" ಎನ್ನುತ್ತಾ ಗೇಣು ಗೇಣಾಗಿ ಮೇಲಕ್ಕೆ. ಹಿಂದೆ ಬಿಟ್ಟ ಉರುಳನ್ನು ಮಕ್ಕಳು ಓಡಿ ತಂದು ಮತ್ತೆ ಮುಂದೆ ಇಡಬೇಕು. ಮೇಲೆ ತೆಂಗಿನ ಗರಿಯ ಮಾಡು. ಮಳೆಗಾಲವಿಡೀ ದೋಣಿ ಅದರೊಳಗೆ. ಬಿಸಿಲು ಬಂದ ದಿನ ಹೊಲಿಗೆ ನೋಡುವುದು, ಎಣ್ಣೆ ಹಚ್ಚುವುದು. ನೂಲ ಹುಣ್ಣಿಮೆಯ ಸಮುದ್ರ ಪೂಜೆಗೆ ಹಾಲು, ತೆಂಗಿನಕಾಯಿ ಬಿಟ್ಟ ಮೇಲೆ ಮತ್ತೆ ನೀರಿಗೆ.

ಹೀಗೆ ಎಳೆದು ಹಾಕುವುದರಿಂದ ದೋಣಿಗೆ ಒಂದು ದೊಡ್ಡ ಉಪಕಾರ ಆಗುತ್ತಿತ್ತು. ಕಡಲ ನೀರಿನಲ್ಲಿ ಮರ ಕೊರೆಯುವ ಹುಳು ಉಂಟು. ಹುಳು ಎನ್ನುತ್ತೇವಾದರೂ ಅದು ಹುಳುವಲ್ಲ, ಚಿಪ್ಪಿನ ಜಾತಿ, ನಾವು ತಿನ್ನುವ ಮರುವಾಯಿಯ ದೂರದ ನೆಂಟ. ಹೊರಗಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತು, ಒಳಗೆ ಹಲಗೆ ಜರಡಿ. ಇದು ಒಣ ಮರದಲ್ಲಿ ಬದುಕುವುದಿಲ್ಲ, ಸಿಹಿನೀರಿನಲ್ಲೂ ಹೆಚ್ಚು ದಿನ ಬಾಳುವುದಿಲ್ಲ. ದಿನಾ ಸಂಜೆ ಮರಳಿಗೆ ಬಂದು ಒಣಗುವ ದೋಣಿಗೆ, ವರ್ಷಕ್ಕೆ ಎರಡು ಮೂರು ತಿಂಗಳು ಮಾಡಿನ ಕೆಳಗೆ ಕೂರುವ ದೋಣಿಗೆ ಇದರ ಕಾಟ ಕಡಿಮೆ. ಮರಳೇ ನಮ್ಮ ದೋಣಿಯ ವೈದ್ಯಶಾಲೆ ಆಗಿತ್ತು.

ಖರ್ಚಿನ ದಾರಿಯೂ ಆಗ ಬೇರೆ. ರಂಪಣಿಯ ಕಾಲ ನೋಡಿದ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ದೊಡ್ಡ ದೋಣಿಯಲ್ಲಿ ಬಲೆ ಹೇರಿಕೊಂಡು ಹೋಗಿ, ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಯನ್ನೂ ದಡದಿಂದ ಹತ್ತಾರು ಮಂದಿ ಎಳೆಯುವ ಬಲೆ ಅದು. ಬಂಗುಡೆ, ಬೂತಾಯಿ ಸಿಕ್ಕಿದರೆ ಊರಿಗೇ ಹಬ್ಬ. ಅದನ್ನು ನಡೆಸುತ್ತಿದ್ದದ್ದು 'ಕಂಪೆನಿ'. ಪಾಲುದಾರರ ಕೂಟಕ್ಕೆ ನಮ್ಮವರು ಇಟ್ಟ ಹೆಸರು ಅದು. ಮೀನಿನ ಹಣ ಹಂಚುವಾಗ ಎಳೆದವರಿಗೆ ಪಾಲು ಇದ್ದ ಹಾಗೆ ಬಲೆಗೂ ಪಾಲು, ದೋಣಿಗೂ ಪಾಲು. ದೋಣಿ ಎಂಬುದು ಕೂಟದ ಒಬ್ಬ ಸದಸ್ಯನ ಹಾಗೆ. ಅದಕ್ಕೆ ಬಂದ ಪಾಲು ಅದರ ಹುರಿಗೆ, ಎಣ್ಣೆಗೆ, ಆಚಾರ್ರ ಕೂಲಿಗೆ. ಮೀನು ಬಂದ ವರ್ಷ ರಿಪೇರಿ ಜೋರು, ಬಾರದ ವರ್ಷ ತೇಪೆ. ಸಾಲ ಎಂಬ ಮಾತು ಬಂದರೆ ಅದು ಬಲೆಗೆ, ಹೊಸ ದೋಣಿಗೆ. ರಿಪೇರಿಗೆ ಸಾಲ ಕೇಳಿದವರನ್ನು ನೋಡಿ ಜನ ನಗುತ್ತಿದ್ದರು ಎಂದು ಹಿರಿಯರು ಹೇಳುವುದುಂಟು. ಮಹಾಸಭೆಯಲ್ಲಿ ಈಗಲೂ ನಗುವುದು ಅದೇ ಹಳೆ ಅಭ್ಯಾಸದಿಂದಲೋ ಏನೋ. ಪಾಲಿನ ಪದ್ಧತಿ ಹೋಯಿತು, ನಗು ಉಳಿಯಿತು.

ಇಲ್ಲಿ ಸಹಕಾರದ ಚರಿತ್ರೆಯ ಒಂದು ಸಂಗತಿಯನ್ನು ನಮ್ಮ ಸದಸ್ಯರು ತಿಳಿಯಬೇಕು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ, 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ, 1909ರಲ್ಲಿ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಶುರುಮಾಡಿದ ಸಂಘ, ಇವುಗಳನ್ನು ಎಲ್ಲ ಸಹಕಾರಿ ಸಪ್ತಾಹದಲ್ಲೂ ಕೇಳುತ್ತೇವೆ. ಆ ಕಾಯಿದೆಗೆ ದಾರಿಮಾಡಿದ ವರದಿಗಳಲ್ಲಿ ಮುಖ್ಯವಾದದ್ದು ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅವರದು. ರೈತನಿಗೆ ಸಾಲ ಸಿಗುವ ಬಗೆ ಹೇಗೆ ಎಂದು ಅವರು 1895 ಮತ್ತು 1897ರಲ್ಲಿ ಎರಡು ಸಂಪುಟ ಬರೆದರು. ಅದೇ ನಿಕಲ್ಸನ್ ಮುಂದೆ ಮದರಾಸು ಪ್ರಾಂತ್ಯದ ಮೀನುಗಾರಿಕಾ ಇಲಾಖೆಯನ್ನು ಕಟ್ಟಿದವರು! ನಮ್ಮ ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು, ಉತ್ತರ ಕನ್ನಡ ಮುಂಬಯಿಗೆ. ಎರಡೂ ಒಂದೇ ರಾಜ್ಯಕ್ಕೆ ಬಂದದ್ದು 1956ರಲ್ಲಿ. ಮೀನುಗಾರನ ಕೈಯಲ್ಲಿ ಈಗಾಗಲೇ ಇರುವ ದೋಣಿ, ಬಲೆಯಿಂದಲೇ ಹಂತಹಂತವಾಗಿ ಮೇಲೆ ಹೋಗಬೇಕು, ಒಮ್ಮೆಲೇ ದೊಡ್ಡ ಬಂಡವಾಳದ ಹಡಗು ತಂದು ನಿಲ್ಲಿಸಬಾರದು ಎಂಬುದು ನಿಕಲ್ಸನ್ ಅವರ ನಿಲುವು. ಸ್ವಾತಂತ್ರ್ಯಾನಂತರ ನಾವು ಹೋದ ದಾರಿ ಬೇರೆ.

1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಯ ನಡುವೆ ಒಪ್ಪಂದವಾಗಿ ಕೇರಳದ ನೀಂಡಕರದಲ್ಲಿ ಯಾಂತ್ರಿಕ ದೋಣಿಗಳ ಯೋಜನೆ ಶುರುವಾಯಿತು. 1960ರ ದಶಕದಲ್ಲಿ ಅದರ ಕೆಲಸ ನಮ್ಮ ಕಾರವಾರಕ್ಕೂ ಬಂತು. ಮೊದಲು ಅವರು ಊರ ದೋಣಿಗೇ ಇಂಜಿನ್ ಕೂರಿಸಿ ನೋಡಿದರು. ಸರಿಹೋಗಲಿಲ್ಲ. ಇಂಜಿನಿನ ಭಾರಕ್ಕೆ ಹೊಲಿಗೆ ತಡೆಯದು, ಅಡಿಯಲ್ಲಿ ಪಂಖ ಇದ್ದರೆ ದೋಣಿಯನ್ನು ಮರಳಿಗೆ ಎಳೆಯಲಾಗದು. ಹಾಗಾಗಿ ಮೊಳೆ, ಬೋಲ್ಟುಗಳಿಂದ ಕಟ್ಟಿದ ಬೇರೆಯೇ ಬೋಟು ಬಂತು. ಇಪ್ಪತ್ತೆರಡು, ಇಪ್ಪತ್ತೈದು ಅಡಿಯಿಂದ ಶುರುವಾಗಿ ದೊಡ್ಡದಾಗುತ್ತಾ ಹೋಯಿತು. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರದ ಅಳಿವೆಗಳಲ್ಲಿ ಬೋಟುಗಳು ಸಾಲಾಗಿ ನಿಂತವು. ಮೀನು ಬಂತು, ಐಸ್ ಪ್ಲಾಂಟು ಬಂತು, ದುಡ್ಡೂ ಬಂತು. ಅದನ್ನು ಅಲ್ಲಗಳೆಯುವುದಿಲ್ಲ. ಇಂದು ಪೇಟೆಯಲ್ಲಿ ಮನೆ ಮಾಡಿರುವ ನಮ್ಮವರಲ್ಲಿ ಅನೇಕರ ವಿದ್ಯಾಭ್ಯಾಸದ ಖರ್ಚು ಆ ಬೋಟುಗಳಿಂದಲೇ ಹುಟ್ಟಿದ್ದು.

ಆದರೆ ಬೋಟು ಮರಳನ್ನು ಬಿಟ್ಟು ನೀರಲ್ಲೇ ನಿಂತಿತಲ್ಲ, ಆಗ ಹುಳುವಿಗೆ ಸುಗ್ಗಿ. ಮಳೆಗಾಲದಲ್ಲಿ ನೆರೆ ನೀರು ಅಳಿವೆಯನ್ನು ಸಿಹಿ ಮಾಡಿದಾಗ ಕಡಿಮೆಯಾಗುತ್ತದೆ, ಉಳಿದ ತಿಂಗಳು ಬಿಡುವಿಲ್ಲ. ದೊಡ್ಡ ಹಡಗುಗಳಿಗೆ ಅಡಿಗೆ ತಾಮ್ರದ ತಗಡು ಹೊಡೆಯುವ ಕ್ರಮ ಇಂಗ್ಲಿಷರ ನೌಕಾಪಡೆಯಲ್ಲಿ 18ನೇ ಶತಮಾನದಿಂದಲೇ ಇತ್ತು. ಅದನ್ನೇ ಇಲ್ಲೂ ಮಾಡಿದರು. ತಾಮ್ರ ದುಬಾರಿ, ಅದೂ ಹೊರದೇಶದಿಂದ ಬರಬೇಕು. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪನೆಯಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಇದಕ್ಕೆ ಬದಲಿ ಹುಡುಕಿದರು. ಸಿಕ್ಕಿದ್ದು ಅಲ್ಯೂಮಿನಿಯಂ. ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ತಗಡು ಉಪ್ಪುನೀರಿಗೆ ತಾಳುತ್ತದೆ, ತಾಮ್ರಕ್ಕಿಂತ ಅಗ್ಗ, ಹಗುರ. ಮೇಲಾಗಿ ನಮ್ಮ ದೇಶದ್ದೇ. ಕೊಚ್ಚಿಯ ಹತ್ತಿರದ ಆಲುವಾದಲ್ಲಿ 1943ರಲ್ಲೇ ಅಲ್ಯೂಮಿನಿಯಂ ಕರಗಿಸುವ ಕಾರ್ಖಾನೆ ಶುರುವಾಗಿತ್ತು. ನಮ್ಮ ಬೆಳಗಾವಿಯಲ್ಲೂ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವ ಕಾರ್ಖಾನೆ ಬಂತು. ಅದು ಈಗಲೂ ನಡೆಯುತ್ತಿದೆ.

ತಗಡು ಹೊಡೆಯುವುದರಲ್ಲಿ ಸೂಕ್ಷ್ಮ ಉಂಟು. ಹಲಗೆಗೆ ಎಣ್ಣೆ, ಅದರ ಮೇಲೆ ಡಾಂಬರು ಕುಡಿಸಿದ ಫೆಲ್ಟ್, ಮತ್ತೆ ತಗಡು. ಹೊಡೆಯುವ ಮೊಳೆಯೂ ಅಲ್ಯೂಮಿನಿಯಮ್ಮೇ ಆಗಬೇಕು. ಹಳೆ ತಾಮ್ರದ ಮೊಳೆ ಉಳಿದಿದೆಯಲ್ಲ ಅಂತ ಅದನ್ನು ಹೊಡೆದರೆ ಉಪ್ಪುನೀರಿನಲ್ಲಿ ಎರಡು ಲೋಹ ಸೇರಿ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತವೆ. ತಾಮ್ರ ಉಳಿಯುತ್ತದೆ, ಅದರ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ತಾಮ್ರ ಇರುವ ಪೇಂಟು ಬಳಿದರೂ ಅಷ್ಟೆ. ಹೀಗೆ ಹಾಳಾದ ತಗಡನ್ನು ನೋಡಿ "ಅಲ್ಯೂಮಿನಿಯಂ ಬರ್ಕತ್ತಿಲ್ಲ" ಎಂದವರು ಅನೇಕರು. ತಪ್ಪು ತಗಡಿನದಲ್ಲ. ಯಾವುದರ ಜೊತೆ ಯಾವುದು ಸೇರಬಾರದು ಎಂದು ಹೇಳಿಕೊಡುವವರು ಧಕ್ಕೆಯಲ್ಲಿ ಇರಲಿಲ್ಲ. ಕತ್ತದ ಹುರಿಯ ಗುಟ್ಟು ಅಪ್ಪನಿಂದ ಮಗನಿಗೆ ಬಂದದ್ದು, ಇದರ ಗುಟ್ಟು ಕೊಚ್ಚಿಯ ಪ್ರಯೋಗಶಾಲೆಯ ಇಂಗ್ಲಿಷ್ ಕಾಗದದಲ್ಲಿ.

ನಮ್ಮಲ್ಲಿ ಅಲ್ಯೂಮಿನಿಯಂ ತಗಡಾಗಿ ಬಂದರೆ, ಅಮೆರಿಕ, ಕೆನಡಾದ ಕೆರೆಗಳಲ್ಲಿ ಇಡೀ ದೋಣಿಯೇ ಅದರದು. ಎರಡನೇ ಮಹಾಯುದ್ಧ ಮುಗಿದಾಗ ಯುದ್ಧ ವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪೆನಿಯವರು 1945ರಲ್ಲಿ ಅದೇ ತಗಡು, ಅದೇ ರಿವೆಟ್ಟಿನಿಂದ ಸಣ್ಣ ದೋಣಿ ಮಾಡಲು ಹೊರಟರು. ಮುಂದೆ ಬೇರೆ ಕಂಪೆನಿಗಳೂ ಸೇರಿ ಗಾಳ ಹಾಕಿ ಮೀನು ಹಿಡಿಯುವವರ ದೋಣಿ ಎಂದರೆ ಅಲ್ಯೂಮಿನಿಯಂ ಎನ್ನುವ ಹಾಗಾಯಿತು. ಅಲ್ಲಿ ದೋಣಿ ಕೆರೆಯ ದಡದಲ್ಲಿ ಇರುವುದಿಲ್ಲ, ಮನೆಯ ಹಿತ್ತಲಲ್ಲಿ ಇರುತ್ತದೆ. ಎರಡು ಚಕ್ರದ ಗಾಡಿ, ಅವರು ಟ್ರೇಲರ್ ಎನ್ನುವುದರ ಮೇಲೆ ಕೂರಿಸಿ ಕಾರಿನ ಹಿಂದೆ ಕಟ್ಟಿ ಒಯ್ಯುತ್ತಾರೆ. ಎಷ್ಟೋ ಹಳೆಯ ಅಂಥ ದೋಣಿಯನ್ನು ಅಲ್ಲಿನ ಜನ ತಾವೇ ಸರಿಮಾಡಿಕೊಳ್ಳುತ್ತಾರೆ. ಅವರ ಉಪಾಯ ಒಂದು ಚೆಂದ ಉಂಟು. ಸೋರುವ ಜಾಗ ಗೊತ್ತಾಗದಿದ್ದರೆ ದೋಣಿಯನ್ನು ಗಾಡಿಯ ಮೇಲೆ ಇಟ್ಟು ಒಳಗೆ ಸ್ವಲ್ಪ ನೀರು ತುಂಬುವುದು. ನೀರು ಯಾವ ರಿವೆಟ್ಟಿನಿಂದ ಹೊರಗೆ ಜಿನುಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಆಮೇಲೆ ಒಳಗೊಬ್ಬ ಕಬ್ಬಿಣದ ಗಟ್ಟಿ ಹಿಡಿದು, ಹೊರಗೊಬ್ಬ ಸುತ್ತಿಗೆಯಿಂದ ಬಡಿದು ರಿವೆಟ್ ಬಿಗಿ ಮಾಡುವುದು. ನಮ್ಮ ಹೊಲಿಗೆಗೆ ಕುಳಿತ ಹಾಗೆಯೇ ಇಬ್ಬರು! ಇಂಜಿನ್ ಕೂರುವ ಹಿಂಬದಿಯ ಹಲಗೆ ಮಾತ್ರ ಮರದ್ದು. ಅದು ಕೊಳೆತಿರುತ್ತದೆ, ಬದಲಿಸಬೇಕು. ಗಾಡಿಯ ಚಕ್ರದ ಬೇರಿಂಗಿಗೆ ನೀರು ಹೋಗಿ ತುಕ್ಕು ಹಿಡಿದಿರುತ್ತದೆ, ಗ್ರೀಸ್ ತುಂಬಬೇಕು. ದೋಣಿಗಿಂತ ಮೊದಲು ಗಾಡಿ ಸಾಯುತ್ತದಂತೆ. ನಮ್ಮಲ್ಲೂ ಹಾಗೆಯೇ ಅಲ್ಲವೇ, ದೋಣಿಗಿಂತ ಮೊದಲು ಅದನ್ನು ಎಳೆಯುವ ಹೆಗಲುಗಳು ಕಡಿಮೆಯಾದವು.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಬಂಗುಡೆ, ಬೂತಾಯಿಯ ಹಿಂಡನ್ನು ಆಳದಲ್ಲೇ ಸುತ್ತುವ ಬಲೆ. ರಂಪಣಿಯವರು ವಿರೋಧಿಸಿದರು, ಜಗಳಗಳಾದವು. ಆದರೂ ಕೆಲವೇ ವರ್ಷಗಳಲ್ಲಿ ರಂಪಣಿ ನಿಂತುಹೋಯಿತು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರಲ್ಲಿ ಬರುವಷ್ಟರಲ್ಲಿ ದೊಡ್ಡ ರಂಪಣಿ ದೋಣಿಗಳಲ್ಲಿ ಎಷ್ಟೋ ಮಾಡಿನ ಕೆಳಗೇ ಒಡೆದುಹೋಗಿದ್ದವು. ಕಂಪೆನಿ ಮುರಿದ ಮೇಲೆ ದೋಣಿಯ ಪಾಲು ಎಲ್ಲಿಂದ ಬರಬೇಕು? ಎಣ್ಣೆ ಕಾಣದ ಮರ ಬಿರುಕು ಬಿಟ್ಟಿತು, ಹಲಗೆ ಒಲೆಗೆ ಹೋಯಿತು. ಉಳಿದ ಕೆಲವು ದೋಣಿಗಳಿಗೆ 1980ರ ದಶಕದಲ್ಲಿ ಹೊಸ ಜೀವ ಬಂದದ್ದು ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಇಂಜಿನಿನಿಂದ. ಪಂಖವನ್ನು ಮೇಲಕ್ಕೆ ಎತ್ತಬಹುದಾದ್ದರಿಂದ ದೋಣಿಯನ್ನು ಮತ್ತೆ ಮರಳಿಗೆ ಎಳೆಯಬಹುದು. ಹಿಂಭಾಗಕ್ಕೆ ದಪ್ಪ ಹಲಗೆ ಕೂರಿಸಿ, ಹೊಲಿಗೆಯ ಮೇಲೆ ಬೋಲ್ಟು ಬಿಗಿದು, ಹಳೆ ದೋಣಿಗಳು ಮಾಟುಬಲೆ ಹೊತ್ತು ಮತ್ತೆ ಕಡಲಿಗೆ ಹೋದವು. ನಮ್ಮ ದೃಷ್ಟಿಯಲ್ಲಿ ಕರಾವಳಿಯ ದೋಣಿ ರಿಪೇರಿಯ ಚರಿತ್ರೆಯಲ್ಲೇ ಜಾಣತನದ ಕೆಲಸ ಅದು. ಯಾವ ಇಂಜಿನಿಯರೂ ನಕ್ಷೆ ಬರೆದುಕೊಟ್ಟದ್ದಲ್ಲ.

ಆಮೇಲೆ ಫೈಬರ್. ಗಾಜಿನ ನಾರಿನ ಮ್ಯಾಟ್, ಅದಕ್ಕೆ ರೆಸಿನ್. ಹುಳು ಕೊರೆಯುವುದಿಲ್ಲ, ಕೊಳೆಯುವುದಿಲ್ಲ, ಹಗುರ. ಹೆಬ್ಬಲಸಿನ ಮರ ಸಿಗದೆ, ಸಿಕ್ಕಿದರೂ ಬೆಲೆ ಕೇಳಿ ತಲೆತಿರುಗುವ ಕಾಲದಲ್ಲಿ ಇದು ವರವಾಗಿ ಬಂತು. ಹೊಸದಾಗಿ ಫೈಬರಿನಲ್ಲೇ ಎರಕ ಹಾಕಿದ ದೋಣಿಯ ಮಾತು ಬೇರೆ. ಹಳೆ ಮರದ ದೋಣಿಗೆ ಮೇಲಿನಿಂದ ಫೈಬರ್ ಹೊದೆಸುವುದು ನಮ್ಮಲ್ಲಿ ಬಹಳ ನಡೆಯಿತು. ಮರ ಚೆನ್ನಾಗಿ ಒಣಗಿದ್ದರೆ ಕೆಲಸ ನಿಲ್ಲುತ್ತದೆ. ಒದ್ದೆ ಮರಕ್ಕೆ, ಎಣ್ಣೆ ಕುಡಿದ ಮರಕ್ಕೆ ರೆಸಿನ್ ಹಿಡಿಯುವುದಿಲ್ಲ. ತಲೆಮಾರುಗಳಿಂದ ಎಣ್ಣೆ ಕುಡಿಸಿ ಉಳಿಸಿದ ದೋಣಿಗೆ ಆ ಎಣ್ಣೆಯೇ ಶತ್ರುವಾದದ್ದು ವಿಚಿತ್ರ. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಹೊದಿಕೆಯ ಕೆಳಗೆ ಮರ ಹಿಟ್ಟಾಗುತ್ತದೆ. ಹೊರಗೆ ನೋಡಿದರೆ ಕನ್ನಡಿಯ ಹಾಗೆ ಹೊಳಪು, ಬೆರಳಿನಿಂದ ಬಡಿದರೆ ಪೊಳ್ಳು ಸದ್ದು. ಹಳೆ ದೋಣಿ ಕೊಳ್ಳುವವರು ಬಣ್ಣ ನೋಡಬೇಡಿ, ಬಡಿದು ಕೇಳಿ.

ಫೈಬರ್ ಕೆಲಸ ಮಾಡುವ ಹುಡುಗರಿಗೂ ಎರಡು ಮಾತು. ರೆಸಿನ್ ಗಟ್ಟಿಯಾಗಲು ಹಾಕುವ ಎರಡು ಔಷಧಗಳನ್ನು ಯಾವತ್ತೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಬೆಂಕಿ ಹತ್ತುತ್ತದೆ. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಉಜ್ಜುವಾಗ ಏಳುವ ಧೂಳು ಗಾಜಿನ ಧೂಳು. ಮೂಗಿಗೆ ಬೈರಾಸು ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಮರದ ದೋಣಿ ಸತ್ತರೆ ಒಲೆಗಾದರೂ ಆಗುತ್ತಿತ್ತು. ಸತ್ತ ಫೈಬರ್ ದೋಣಿಯನ್ನು ಎಂತ ಮಾಡುದು ಎಂಬುದಕ್ಕೆ ಧಕ್ಕೆಯಲ್ಲಿ ಯಾರಲ್ಲೂ ಉತ್ತರ ಇಲ್ಲ. ಸುಟ್ಟರೆ ವಿಷದ ಹೊಗೆ, ಬಿಟ್ಟರೆ ಅಲ್ಲೇ ಬಿದ್ದಿರುತ್ತದೆ.

ಮರಳೂ ಈಗ ಮೊದಲಿನಂತಿಲ್ಲ. ಕಡಲ್ಕೊರೆತಕ್ಕೆಂದು ಉಳ್ಳಾಲದಿಂದ ಹಿಡಿದು ನಮ್ಮ ಕರಾವಳಿಯ ಹಲವೆಡೆ ಬಂಡೆಕಲ್ಲಿನ ತಡೆಗೋಡೆ ಎದ್ದಿದೆ. ಮನೆ, ತೋಟ ಉಳಿಯಬೇಕು, ಅದು ಸರಿಯೇ. ಆದರೆ ಕಲ್ಲಿನ ಗೋಡೆಯ ಮೇಲೆ ದೋಣಿ ಏರುವುದಿಲ್ಲ. ಉರುಳು ಮರ ಇಡಲು ಜಾಗವಿಲ್ಲದ ಕಡೆ ಕ್ರೇನು ತರಿಸಬೇಕು, ಅದರ ಬಾಡಿಗೆ ಗಂಟೆಯ ಲೆಕ್ಕ. ಹವಾಮಾನದ ಲೆಕ್ಕವೂ ತಿರುಗಿದೆ. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನದ ನಿಷೇಧ ಯಾಂತ್ರಿಕ ಬೋಟುಗಳಿಗೆ ರಿಪೇರಿಯ ಕಾಲ. ನಾಡದೋಣಿಯವರಿಗಾದರೋ ಆಗಲೇ ನಾಲ್ಕು ಕಾಸು ನೋಡುವ ಕಾಲ. ಮಳೆಗಾಲದಲ್ಲಿ ಮಾಡಿನ ಕೆಳಗೆ ಎಣ್ಣೆ ಕುಡಿಯುತ್ತಿದ್ದ ದೋಣಿ ಈಗ ಅದೇ ಮಳೆಯಲ್ಲಿ ತೂಫಾನು ನೋಡಿಕೊಂಡು ಕಡಲಿಗೆ ಹೋಗುತ್ತದೆ. ರಿಪೇರಿ ಏನಿದ್ದರೂ ಬೇಸಗೆಯಲ್ಲಿ, ಅಂದರೆ ಕೈಯಲ್ಲಿ ಹಣ ಅತ್ಯಂತ ಕಡಿಮೆ ಇರುವ ತಿಂಗಳುಗಳಲ್ಲಿ.

ಇಷ್ಟು ಹೇಳಿದ ಮೇಲೆ ಮಹಾಸಭೆಯ ಪ್ರಶ್ನೆಗೆ ಬರೋಣ. 1963ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮದ ನೆರವಿರಲಿ, 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆ ಇರಲಿ, ಹೊಸ ದೋಣಿಗೆ, ಹಳೆಯದರ ಬದಲಿಗೆ ಬರುವ ದೋಣಿಗೆ ಒಂದು ದಾರಿ ಉಂಟು. ದಿನನಿತ್ಯದ ಬಂಡವಾಳಕ್ಕೆ 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಸಿಕ್ಕಿತು. ನಡುವೆ ಬೀಳುವುದು ದೊಡ್ಡ ರಿಪೇರಿ. ಹೊಸ ದೋಣಿಗೆ ರಶೀದಿ ಇರುತ್ತದೆ, ಅಳತೆ ಇರುತ್ತದೆ, ಅಡವಿಗೆ ಬೆಲೆ ಕಟ್ಟಬಹುದು. ಹಳೆ ದೋಣಿಗೆ ಬೆಲೆ ಕಟ್ಟುವವರು ಯಾರು? ಆಚಾರ್ರ ಬಾಯಿಮಾತು ಲೆಕ್ಕ ಪರಿಶೋಧಕರಿಗೆ ಆಗುವುದಿಲ್ಲ. ಸಾಲ ಹಿಂದೆ ಬಾರದಿದ್ದರೆ ಸಂಘದ ಕೈಗೆ ಬರುವುದು ಒಂದು ಹಳೆ ದೋಣಿ. ಆಡಳಿತ ಮಂಡಳಿಯವರ ಈ ಅಳುಕು ಸುಳ್ಳಲ್ಲ. ಆದರೆ ಗಟ್ಟಿ ಇರುವ ದೋಣಿಯನ್ನು ಹಿಂಬದಿಯ ಒಂದು ಹಲಗೆಗಾಗಿ ಬಿಟ್ಟು, ಹತ್ತು ಪಾಲು ಹೆಚ್ಚಿನ ಸಾಲದಲ್ಲಿ ಹೊಸದನ್ನು ತಂದು, ಕಂತು ಕಟ್ಟಲಾಗದೆ ಇಂಜಿನ್ ಮಾರಿದ ಮನೆಗಳೂ ನಮ್ಮ ಕಣ್ಣೆದುರಿಗೇ ಇವೆ.

ಬೇರೆ ಕಡೆ ಏನು ಮಾಡಿದ್ದಾರೆ ಎಂದು ನೋಡಿದರೆ, ಕೇರಳ ಮತ್ತು ಕನ್ಯಾಕುಮಾರಿಯ ಮೀನುಗಾರ ಸಂಘಗಳು ಸೇರಿ 1980ರಲ್ಲಿ ಕಟ್ಟಿಕೊಂಡ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟದವರು ತಮ್ಮದೇ ದೋಣಿ ಕಟ್ಟೆಗಳನ್ನು, ಇಂಜಿನ್ ರಿಪೇರಿಯ ವರ್ಕ್‌ಶಾಪುಗಳನ್ನು ನಡೆಸಿದರು. ಅಲ್ಲಿ ಬಂದ ಒಂದು ಬಗೆಯ ದೋಣಿಯಲ್ಲಿ ಪ್ಲೈವುಡ್ ಹಲಗೆಗಳ ಅಂಚನ್ನು ತಂತಿಯಿಂದ ಹೊಲಿದು, ಸಂದಿಗೆ ಫೈಬರ್ ಹಚ್ಚುತ್ತಾರೆ. ತೂತು ಕೊರೆದು ಹೊಲಿಯುವ ಹಳೇ ಬುದ್ಧಿಯೇ ಬೇರೆ ಸಾಮಾನಿನಲ್ಲಿ ತಿರುಗಿ ಬಂದಿದೆ. ಸಾಲ ಕೊಡುವ ಸಂಘವೇ ರಿಪೇರಿಯನ್ನೂ ಕಣ್ಣಲ್ಲಿ ನೋಡಿದರೆ ಬೆಲೆ ಕಟ್ಟುವ ತೊಂದರೆ ಅರ್ಧಕ್ಕರ್ಧ ತೀರುತ್ತದೆ. ನಮ್ಮದು ಸಣ್ಣ ಸಂಘ, ಕಟ್ಟೆ, ವರ್ಕ್‌ಶಾಪು ಎಲ್ಲ ನಮ್ಮಿಂದಾಗದು ಎನ್ನುವವರಿಗೆ ನಾವು ಹೇಳುವುದಿಷ್ಟೆ: ಸದಸ್ಯರು ತರುವ ಮೀನಿನ ಹಣದಲ್ಲಿ ಒಂದು ಸಣ್ಣ ಭಾಗವನ್ನು ಆಯಾ ದೋಣಿಯ ಹೆಸರಿನಲ್ಲೇ ಖಾತೆಗೆ ಹಾಕಿಡಲು ವರ್ಕ್‌ಶಾಪು ಬೇಡ. ಒಂದು ಪುಸ್ತಕ ಸಾಕು. ರಂಪಣಿ ಕಂಪೆನಿಯವರು ಪುಸ್ತಕವೂ ಇಲ್ಲದೆ ಇದನ್ನು ನಡೆಸಿದರು. ಮುಂದಿನ ಮಹಾಸಭೆಯಲ್ಲಿ ಇದನ್ನು ಚಹಾಕ್ಕೆ ಮೊದಲು ತೆಗೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ಈಗಾಗಲೇ ಬರೆದು ಕೊಟ್ಟಿದ್ದೇವೆ.

ಕೊನೆಯಲ್ಲಿ ಓದುಗರಲ್ಲಿ ಒಂದು ವಿನಂತಿ. ದೋಣಿ ಕೆಲಸದ ಹಳೆ ಬೈರಿಗೆ, ಬಾಚಿ, ಕೊಡತಿ, ರಾಳ ಕಾಯಿಸುವ ಪಾತ್ರೆ, ಹೊಲಿಗೆಯ ಗುರುತಿರುವ ಒಂದು ಹಲಗೆಯ ತುಂಡೇ ಆದರೂ ಯಾರ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಇದ್ದರೆ ಗುಜರಿಗೆ ಹಾಕುವ ಮೊದಲು ಸಂಘದ ಕಚೇರಿಗೆ ತಿಳಿಸಿ. ಕತ್ತದ ಹೊಲಿಗೆ ತಿಳಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅದನ್ನೂ ತಿಳಿಸಿ, ನಾವೇ ಬರುತ್ತೇವೆ. ಒಂದು ಸಣ್ಣ ಪಾತಿ ದೋಣಿಯ ಹೊಲಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಅವರ ಕೈಯಿಂದ ಮಾಡಿಸಿ, ಬರೆದಿಟ್ಟುಕೊಳ್ಳುವ ಆಸೆ ಉಂಟು. ಹುರಿ ಹೊಸೆಯಲು ಬೇಕಾದ ನಾರನ್ನು ಈಗಾಗಲೇ ಹೊಳೆಯಲ್ಲಿ ನೆನೆಹಾಕಿದ್ದೇವೆ.